ಕೆಂಪು ದೀಪ

ಓಡುತ್ತಿದ್ದ ಕಂಪ್ಯೂಟರಿನಿಂದ ಅವಳು ಮೆಮೊರಿ ಕಾರ್ಡೊಂದನ್ನು ಕಿತ್ತು ಹೊರಗೆಳೆದಳು. ಪರದೆಯ ಮೇಲಿನ ಲೆಕ್ಕ ಒಂದು ಕ್ಷಣವೂ ತಡವರಿಸಲಿಲ್ಲ. ಕಿತ್ತ ಕಾರ್ಡಿನಲ್ಲಿದ್ದುದನ್ನು ಉಳಿದ ಕಾರ್ಡುಗಳು ಸೇರಿ ತುಂಬಿಕೊಟ್ಟಿದ್ದವು. ವರ್ಷಗಟ್ಟಲೆ ಅವಳು ಒದ್ದಾಡಿದ್ದು ಇದಕ್ಕೇ.

"ಒಂದು ಹೋದ್ರೂ ಯಾರಿಗೂ ಗೊತ್ತೇ ಆಗಲ್ಲ ನೋಡಿ," ಎಂದು ಮ್ಯಾನೇಜರ್ ಹಿಗ್ಗಿದ. ಅವಳ ಅಂಗೈಯಲ್ಲಿ ಕಾರ್ಡು ಇನ್ನೂ ಬೆಚ್ಚಗಿತ್ತು. ಅಕ್ಕನನ್ನು ಮಣ್ಣು ಮಾಡಿ ಅವಳು ಕೆಲಸಕ್ಕೆ ಮರಳಿದ್ದು ಆ ಬೆಳಿಗ್ಗೆಯೇ. ಅವಳು ರಜೆಯಲ್ಲಿದ್ದಷ್ಟು ದಿನ ಅವಳ ಪಾಲಿನ ಕೆಲಸವನ್ನೆಲ್ಲ ಉಳಿದವರು ಹಂಚಿಕೊಂಡು ಮುಗಿಸಿದ್ದರು. "ರಜೆ ಹಾಕಿದ್ರಾ? ಗೊತ್ತೇ ಆಗ್ಲಿಲ್ಲ," ಎಂದಿದ್ದಳು ಪಕ್ಕದ ಮೇಜಿನವಳು.

ಎಲ್ಲರೂ ತಂತಮ್ಮ ಜಾಗಕ್ಕೆ ಹೋದ ಮೇಲೆ ಅವಳು ಆ ಕಾರ್ಡಿನ ಜಾಗದ ಪಕ್ಕದಲ್ಲಿ ಪುಟ್ಟ ಕೆಂಪು ದೀಪವೊಂದನ್ನು ಬೆಸೆಯತೊಡಗಿದಳು. "ಇದ್ಯಾಕೆ? ಕೆಲಸ ನಡೀತಿದೆಯಲ್ಲ," ಎಂದ ಮ್ಯಾನೇಜರ್, ಹಾದುಹೋಗುತ್ತಾ.

"ನಡೀಲಿ ಸರ್. ಹೋಗಿದ್ದು ಒಬ್ಬರಿಗಾದ್ರೂ ಕಾಣಲಿ."

ಕಾರ್ಡನ್ನು ಸಿಕ್ಕಿಸಿ, ಮತ್ತೆ ಕಿತ್ತಳು. ಲೆಕ್ಕ ನಿಲ್ಲಲಿಲ್ಲ, ಆದರೆ ದೀಪ ಹೊತ್ತಿಕೊಂಡಿತು. ಆ ಬೆಳಕಿಗೆ ಪಕ್ಕದ ಮೇಜಿನವಳು ತಲೆಯೆತ್ತಿ, "ಏನಾಯ್ತು?" ಎಂದಳು. ಬೆಳಗಿನಿಂದ ಅಷ್ಟನ್ನೂ ಯಾರೂ ಅವಳನ್ನು ಕೇಳಿರಲಿಲ್ಲ.

"ನಮ್ಮಕ್ಕ ತೀರಿಕೊಂಡ್ಳು," ಎಂದಳು ಅವಳು.