ಬಹಿಷ್ಕಾರದ ಒಲೆ

"ಪೋಪರೇ ಸಿಂಹಾಸನದಿಂದ ಇಳಿದು ಬಂದು ನನ್ನ ಕಾಲು ಒತ್ತಿದರು ದೊರೆಗಳೇ! 'ದಣಿದೆಯಾ ಪಾಸ್ಕು?' ಅಂತ ಕೇಳಿ ಕಣ್ಣೀರು ಹಾಕಿದರು!" ಎಂದ ದೂತ ಪಾಸ್ಕು, ಅರಮನೆಯ ಅಡುಗೆಮನೆಯಲ್ಲಿ ನಿಂತು.

ಬಿಷಪ್ಪರನ್ನು ತಾನೇ ನೇಮಿಸುತ್ತೇನೆಂದು ದೊರೆ ಹಟ ಹಿಡಿದದ್ದಕ್ಕೆ ಪೋಪರು ಬಹಿಷ್ಕಾರ ಹಾಕಿದ್ದರು. ಕ್ಷಮೆ ಕೇಳಿ ಬರಲು ದೊರೆ ಪಾಸ್ಕುವನ್ನು ಕಳಿಸಿದ್ದ. ಬಹಿಷ್ಕಾರ ಬಿದ್ದ ರಾಜ್ಯದಲ್ಲಿ ಬೆಂಕಿ ಹತ್ತುವುದಿಲ್ಲ, ಅದು ಎಲ್ಲರಿಗೂ ಗೊತ್ತಿದ್ದದ್ದೇ. ಊರವರು ನೆನೆಸಿದ ಅವಲಕ್ಕಿ ತಿಂದುಕೊಂಡು ದೊಡ್ಡವರ ಜಗಳ ಮುಗಿಯಲೆಂದು ಕಾಯುತ್ತಿದ್ದರು. ಪಾಸ್ಕುವಿನ ಮನೆಯಲ್ಲಿ ಬಾಣಂತಿ ಮಗಳು ತಣ್ಣೀರಲ್ಲೇ ಕೂಸನ್ನು ಮೀಯಿಸುತ್ತಿದ್ದಳು. ಕೂಸು ಕೆಮ್ಮುತ್ತಿತ್ತು.

"ಹಾಗಾದರೆ ಕ್ಷಮೆ ಸಿಕ್ಕಿತು?" ದೊರೆ ಕೇಳಿದ.

"ನಿಮಗೆ ಮಾತ್ರವಾ? ಹುಟ್ಟದ ಮೊಮ್ಮಕ್ಕಳಿಗೂ ಸೇರಿಸಿ ಕೊಟ್ಟರು!"

"ಎಂತ ಬಾಯಿ ಮಾರಾಯ ನಿನ್ನದು! ನೋಡುವಾ," ಎನ್ನುತ್ತ ಅಡುಗೆಯ ಕರ್ಮಿನಾಬಾಯಿ ಒಲೆಯ ಮುಂದೆ ಕೂತು ಚಕಮಕಿ ಕಲ್ಲು ಉಜ್ಜಿದಳು. ಕಿಡಿ ತೆಂಗಿನ ನಾರಿನ ಮೇಲೆ ಬಿದ್ದು ಸತ್ತಿತು. ಮತ್ತೆ ಉಜ್ಜಿದಳು. ಮತ್ತೆ ಸತ್ತಿತು. ಪಾಸ್ಕುವಿನ ಬೆನ್ನಿನಲ್ಲಿ ಬೆವರು ಇಳಿಯತೊಡಗಿತು.

"ನಾರು ಒದ್ದೆ ಇರ್ಬೇಕು ಬಾಯಮ್ಮ."

"ಒದ್ದೆ ಆಗಿರೋದು ನಿನ್ನ ಅಂಗಿ."

ದೊರೆಯ ಕೈ ಕತ್ತಿಯ ಹಿಡಿಗೆ ಹೋಯಿತು. ಪಾಸ್ಕು ದೊಪ್ಪನೆ ಮಂಡಿಯೂರಿದ.

"ಪೋಪರ ಮುಖವನ್ನೇ ನಾನು ನೋಡಿಲ್ಲ ದೊರೆಗಳೇ. ಹೆಬ್ಬಾಗಿಲಲ್ಲೇ ತಡೆದರು. ದೂತ ಬೇಡ, ದೊರೆಯೇ ಬರಿಗಾಲಲ್ಲಿ ಬಂದು ನಿಲ್ಲಲಿ ಅಂದರು. ಅದನ್ನು ನಿಮ್ಮ ಮುಖಕ್ಕೆ ಹೇಳುವ ಧೈರ್ಯ ಬರಲಿಲ್ಲ. ಸಿಕ್ಕಿತು ಅಂತ ಗಟ್ಟಿಯಾಗಿ ಹೇಳಿದರೆ ಬೆಂಕಿಯೂ ನಂಬೀತು ಅಂದುಕೊಂಡೆ. ನನ್ನ ತಲೆ ಬೇಕಾದರೆ ತೆಗೆಯಿರಿ. ಆದರೆ ಅಲ್ಲಿಗೆ ನೀವೇ ಹೋಗಬೇಕು."