ಆಷಾಢದ ವಾಸ

ಪುಟ್ಟಲಕ್ಷ್ಮಮ್ಮ ಹೊಸ ಮನೆಯ ಹಿತ್ತಲ ಬಾಗಿಲಿನಿಂದ ಗ್ಯಾಸ್ ಒಲೆಯನ್ನು ಒಳಕ್ಕೆ ತಳ್ಳುತ್ತಿದ್ದಳು. ಗಂಡ ದೊಡ್ಡಬೀರಯ್ಯ ಚಾಪೆ, ಬಿಂದಿಗೆ, ಕ್ಯಾಲೆಂಡರು ಹಿಡಿದು ಹಿಂದೆ ನಿಂತಿದ್ದ. ತಪಾಸಣೆಯವರು ಕೊಣನೂರು ಬಸ್‌ಸ್ಟ್ಯಾಂಡು ದಾಟಿದರೆಂದು ಫೋನು ಬಂದಿತ್ತು. ಅವರು ಬರುವುದರೊಳಗೆ ಈ ಮನೆಯಲ್ಲಿ ಸಂಸಾರ ನಡೆಯುತ್ತಿರುವ ಹಾಗೆ ಕಾಣಬೇಕಿತ್ತು.

ದೊಡ್ಡಬೀರಯ್ಯನ ಸೊಂಟ ಹಿಡಿದು ದುಡಿಮೆ ಕುಂಟಿದಾಗಿನಿಂದ ಮನೆಸಾಲದ ಅರ್ಧ ಕಂತನ್ನು ಸರ್ಕಾರ ಕಟ್ಟುತ್ತಿತ್ತು. ಈಗ ನಿಯಮ ಬದಲಾಗಿ, ಮನೆಯಲ್ಲಿ ವಾಸವಿದ್ದವರಿಗೆ ಮಾತ್ರ ನೆರವು ಎಂದಾಗಿತ್ತು. ಇವರ ಮನೆಗೆ ಬಾಗಿಲು ಕೂರಿಸುವ ಹೊತ್ತಿಗೆ ಆಷಾಢ ಬಂದುಬಿಟ್ಟಿದ್ದರಿಂದ, ಗಂಡ ಹೆಂಡತಿ ಪಕ್ಕದ ಶೀಟಿನ ಶೆಡ್ಡಿನಲ್ಲೇ ಶ್ರಾವಣ ಕಾಯುತ್ತಿದ್ದರು. ನೆರವು ನಿಂತರೆ ಮನೆ ಬ್ಯಾಂಕಿನ ಪಾಲು.

"ಆಸಾಡದಾಗೆ ಒಳೀಕ್ ಓಯ್ತಾ ಇದೀವಲ್ಲ, ಏನೂ ಆಗಾಕಿಲ್ವಾ?"

"ಹಿತ್ಲಿಂದ ಓದ್ರೆ ಅದು ಗೃಹಪ್ರವೇಸ ಅಲ್ಲ ಕಣಮ್ಮಿ. ಕಳ್ರು ಬಂದಂಗೆ ಅಷ್ಟೆ."

ತಪಾಸಣೆಗೆ ಬಂದ ಚಂದ್ರಮೌಳಿಯವರನ್ನೂ ಕಳ್ಳರ ದಾರಿಯಲ್ಲೇ ಕರೆತಂದರು. ಅವರು ಚಾಪೆ ನೋಡಿದರು, ಕ್ಯಾಲೆಂಡರು ನೋಡಿದರು. ಪುಟ್ಟಲಕ್ಷ್ಮಮ್ಮ ಕಾಫಿಗೆಂದು ಹಾಲಿಟ್ಟಳು.

"ಎಲ್ಲ ಸರಿ. ಮುಂಬಾಗ್ಲ ಹೊಸಿಲ ಮೇಲೆ ನಿಂತ್ಕೊಳಮ್ಮ, ಒಂದು ಫೋಟೋ ಬೇಕು."

ಮೂವರೂ ಹಿತ್ತಲಿನಿಂದ ಸುತ್ತಿ ಮನೆಯ ಮುಂದೆ ಬಂದರು. ಪುಟ್ಟಲಕ್ಷ್ಮಮ್ಮ ಅಂಗಳದಲ್ಲೇ ನಿಂತುಬಿಟ್ಟಳು. "ಇಲ್ಲೇ ತೆಕ್ಕಳಿ ಸಾ."

"ಆಷಾಢ ಅಂತಾನಾ? ನಂಗೂ ಗೊತ್ತಮ್ಮ. ಆದ್ರೆ ಆರ್ಡರ್‌ನಲ್ಲಿ ಆಷಾಢ ಇಲ್ವಲ್ಲ. ಹೊಸಿಲ ಮೇಲೆ ನೀವು ಕಾಣದೆ ಹೋದ್ರೆ ಖಾಲಿ ಮನೆ ಅಂತ ಬರೀಬೇಕಾಯ್ತದೆ."

"ಒಳಗಿಂದ ಈಚೆಗೆ ಬಂದು ನಿಂತ್ಕಮ್ಮಿ. ಅದು ಪ್ರವೇಸ ಆಗಾಕಿಲ್ಲ," ಎಂದ ದೊಡ್ಡಬೀರಯ್ಯ.

"ಹೊಸ ಮನೇಲಿ ಮೊದ್ಲು ಈಚೆಗೆ ಓಗದಾ? ನಿಂಗೆ ಸೊಂಟ ಅಲ್ಲ, ತಲೆ ಹಿಡ್ಕಂಡಿರದು."

ಜಗಳ ಬಗೆಹರಿಯಲಿ ಎಂದು ಚಂದ್ರಮೌಳಿ ತಾವೇ ಮುಂಬಾಗಿಲು ತಳ್ಳಿದರು. ಸಂಸಾರದ ಗುರುತಿಗೆಂದು ದೊಡ್ಡಬೀರಯ್ಯ ಹಜಾರದಲ್ಲಿ ಕಲಗಚ್ಚಿನ ಬಕೀಟನ್ನೂ ತಂದಿಟ್ಟಿದ್ದ. ಅದರ ವಾಸನೆ ಅಂಗಳದಲ್ಲಿ ಮೇಯುತ್ತಿದ್ದ ಕೆಂಪಿ ಹಸುವಿಗೆ ಬಡಿಯಿತು. ಕೆಂಪಿ ಮೆಟ್ಟಿಲು ಹತ್ತಿತು, ಚಂದ್ರಮೌಳಿಯವರನ್ನು ಪಕ್ಕಕ್ಕೆ ಒತ್ತಿತು, ನಡೆದೇಬಿಟ್ಟಿತು. ದೊಡ್ಡಬೀರಯ್ಯ ಒಂದು ಕೈಯಲ್ಲಿ ಸೊಂಟ, ಇನ್ನೊಂದರಲ್ಲಿ ಅದರ ಬಾಲ ಹಿಡಿದು ಅಂಗಳದಿಂದಲೇ ಎಳೆದ. ಬಾಲ ಮಾತ್ರ ಈಚೆ ಉಳಿಯಿತು. ಕೆಂಪಿ ಹಜಾರದಲ್ಲಿ ನಿಂತು, ನಿಧಾನವಾಗಿ, ಧಾರಾಳವಾಗಿ ಗಂಜಲ ಹುಯ್ಯಿತು. ಅಷ್ಟರಲ್ಲಿ ಅಡುಗೆಮನೆಯಿಂದ ಚುರ್ರೆಂದು ಸದ್ದು ಬಂತು. ಹಾಲು ಉಕ್ಕಿತ್ತು.

ಮೂವರೂ ಮುಖ ಮುಖ ನೋಡಿಕೊಂಡರು.

"ಹಸ ಒಳೀಕ್ ಓಯ್ತು, ಗಂಜ್ಲ ಬಿತ್ತು, ಹಾಲೂ ಉಕ್ತು," ಎಂದಳು ಪುಟ್ಟಲಕ್ಷ್ಮಮ್ಮ. "ಇನ್ನೇನ್ ಉಳ್ಕಂಡದೆ ಸಾ?"

ಹೇಳುತ್ತಲೇ ಅವಳಿಗೆ ನಗು ಬಂತು. ಹೊಟ್ಟೆಯಿಂದ ಎದ್ದ ಆ ನಗು ತಡೆಯಲಾರದೆ, ಬಾಗಿಲವಾಡ ಹಿಡಿದು, ಬಲಗಾಲು ಮುಂದಿಟ್ಟು ಹೊಸಿಲ ಮೇಲೆ ನಿಂತಳು. ಬಾಲ ಬಿಟ್ಟ ದೊಡ್ಡಬೀರಯ್ಯನೂ ನಗುತ್ತಾ ಮೆಟ್ಟಿಲ ಮೇಲೆ ಕುಸಿದ. ಅವಳು ಸೆರಗು ಬಾಯಿಗೆ ತುರುಕಿಕೊಂಡಳು. ಆದರೂ ಭುಜ ಕುಣಿಯುತ್ತಿತ್ತು, ಕಣ್ಣಲ್ಲಿ ನೀರು. ತೆಗೆದಷ್ಟು ಸಲವೂ ಫೋಟೋ ಅಲುಗಾಡಿತು.

ಚಂದ್ರಮೌಳಿ ತಮ್ಮ ನಗುವನ್ನು ಕೆಮ್ಮಿನಲ್ಲಿ ಮುಚ್ಚಿ ಫೋನು ಕೆಳಗಿಳಿಸಿದರು.

"ನಗಬೇಡಿ ಕಣಮ್ಮ. ಇದು ಕಷ್ಟದಲ್ಲಿರೋರ ಸ್ಕೀಮು."