ತಿರುವಿನಲ್ಲೊಂದು ಹಂಪ್

"ಶಾಲೆ ಮುಂದೆ ಒಂದು ಹಂಪ್ ಹಾಕ್ಸೋಕೆ ಏನ್ರೀ ಕಷ್ಟ ನಿಮಗೆ? ಮಗು ಸಾಯ್ಲಿ ಅಂತ ಕಾಯ್ತಿದ್ದೀರಾ?" ಎಂದು ಹೆಡ್ ಮೇಡಂ ಎಲ್ಲರೆದುರೇ ಕೂಗಾಡಿದರು.

ಇಂಜಿನಿಯರ್ ಹಾಲಪ್ಪನಿಗೆ ಮೈ ಪರಚಿಕೊಳ್ಳುವಂತಾಯಿತು. ಹಂಪ್ ಹಾಕುವುದೂ ಬಿಡುವುದೂ ಇಂಜಿನಿಯರ್ ವಿವೇಚನೆಗೆ ಬಿಟ್ಟದ್ದು ಎನ್ನುತ್ತದೆ ನಿಯಮ. ಹಿಂದೊಮ್ಮೆ ಹಾಗೆ ವಿವೇಚಿಸಿ ಹಾಕಿಸಿದ ಹಂಪ್ ಮೇಲೆ ಬೈಕಿನವನೊಬ್ಬ ಹಾರಿಬಿದ್ದು ಕೇಸು ಜಡಿದಿದ್ದ. ಹಾಲಪ್ಪ ಇನ್ನೂ ಕೋರ್ಟಿಗೆ ಅಲೆಯುತ್ತಿದ್ದ. ಸಾಹೇಬರನ್ನು ಕೇಳಿದರೆ ಮೂಗಿನಲ್ಲೇ ರಾಗ ಎಳೆದರು: "ವಿವೇಚನೆ ನಿಮ್ದೂ, ಹೊಣೇನೂ ನಿಮ್ದೇ ಕಣ್ರೀ. ನನ್ನ ಹೆಸರು ಮಾತ್ರ ಎಲ್ಲೂ ಬರಬಾರ್ದು."

ಮರುದಿನ ಬೆಳಿಗ್ಗೆ ಶಾಲೆ ಮುಂದಿನ ತಿರುವಿನ ಬೇವಿನ ಮರದಡಿ ಅರಿಸಿನ ಕುಂಕುಮ ಮೆತ್ತಿದ ಕಲ್ಲೊಂದು ಪ್ರತ್ಯಕ್ಷವಾಗಿತ್ತು. ಲಾರಿ, ಬಸ್ಸಿನ ಡ್ರೈವರುಗಳೆಲ್ಲ ಅಲ್ಲಿ ಬ್ರೇಕ್ ಒತ್ತಿ, ಎದೆ ಮುಟ್ಟಿಕೊಂಡು, ಆಮೆಯಂತೆ ಸಾಗತೊಡಗಿದರು.

ಸಾಹೇಬರ ಫೋನ್ ಬಂತು. "ಏನ್ರೀ ಅದು, ರಸ್ತೆ ಬದಿ ದೇವ್ರಂತೆ? ಯಾರ್ರೀ ಇಟ್ಟಿದ್ದು?"

"ಉದ್ಭವ ಮೂರ್ತಿ ಅಂತಿದ್ದಾರೆ ಸಾರ್. ತೆಗೆಸ್ಲಾ?"

"ಅಯ್ಯಯ್ಯೋ, ಮುಟ್ಬೇಡಿ! ಜನ ರೊಚ್ಚಿಗೆದ್ರೆ ಯಾರ್ರೀ ಹೊಣೆ?"

"ಆಯ್ತು ಸಾರ್" ಎಂದ ಹಾಲಪ್ಪ, ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಒತ್ತಿಕೊಂಡು, ಉಗುರುಸಂದಿಯ ಕುಂಕುಮವನ್ನು ಸೋಪು ಹಾಕಿ ತಿಕ್ಕಿದ.